ಆಚೆ ದಡವಿರುವ ಸಮುದ್ರ

ಮಕ್ಕಳಿಗಾಗಿ ನಾನು ಒಂದೇ ಒಂದು ಕಾದಂಬರಿ ಬರೆದಿದ್ದೇನೆ. ಬರೆಯಲು ನಾಲ್ಕು ತಿಂಗಳು ಸಾಕಾಯಿತು. ಅದು ಪುಸ್ತಕವಾಗಲು ಮಾತ್ರ ಮೂರು ವರ್ಷ ಬೇಕಾಯಿತು, ಮತ್ತು ಆ ಮೂರು ವರ್ಷಗಳ ಬಹುಪಾಲು ಮೂಡಲಗಿಯ ಒಬ್ಬ ಪೇಂಟರ್ ಜೊತೆ ಜಗಳವಾಡುವುದರಲ್ಲೇ ಹೋಯಿತು. ಈಗಲೂ ಯಾರಾದರೂ ಆ ಪುಸ್ತಕವನ್ನು ಹೊಗಳಿದರೆ ಮೊದಲು ನನಗೆ ಬರುವುದು ಸಿಟ್ಟೇ.

ನನ್ನ ನೌಕರಿ ಹಿಡಕಲ್ ಜಲಾಶಯದಲ್ಲಿ. ದಿನವೂ ನೀರಿನ ಮಟ್ಟ ನೋಡಿ ವಹಿಯಲ್ಲಿ ಬರೆಯುವುದು, ಮಳೆಗಾಲದಲ್ಲಿ ಗಂಟೆಗೊಮ್ಮೆ ಫೋನು ಮಾಡಿ ಹೇಳುವುದು. ಮನೆ ಹುಕ್ಕೇರಿಯಲ್ಲಿ, ತಂಗಿಯ ಮನೆಯ ಬಾಜೂಕ್ಕೆ. ತಂಗಿಯ ಮಗಳಿಗೆ ಆಗ ಏಳು ವರ್ಷ. ಕಥೆ ಹೇಳದಿದ್ದರೆ ರೊಟ್ಟಿ ಮುರಿಯದ ಹುಡುಗಿ. ಅವಳಿಗೆ ಊಟದ ಹೊತ್ತಿನಲ್ಲಿ ತುಂಡು ತುಂಡಾಗಿ ಹೇಳಿದ ಕಥೆಯೇ ಕೊನೆಗೆ ಕಾದಂಬರಿಯಾಯಿತು.

ಕಥೆ ಹೀಗೆ: ಹೊಳೆದಂಡೆಯ ಆಲೆಮನೆಗೆ ಪ್ರವಾಹ ನುಗ್ಗಿ, ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆ ತೇಲಿ ಹೋಗುತ್ತದೆ. ಅದರೊಳಗೆ ಒಂದು ಎಮ್ಮೆ ಆರಾಮಾಗಿ ಮಲಗಿರುತ್ತದೆ, ಅಂಚಿನ ಮೇಲೆ ಒಂದು ಹುಂಜ ಕೂತಿರುತ್ತದೆ. ಘಟಪ್ರಭೆಯಿಂದ ಕೃಷ್ಣೆ, ಕೃಷ್ಣೆಯಿಂದ ಸಮುದ್ರ. ದಾರಿಯಲ್ಲಿ ಬರುವ ಅಣೆಕಟ್ಟುಗಳ ಗೇಟುಗಳನ್ನೆಲ್ಲ ನಾನೇ ತೆಗೆಸಿದೆ. ಆಫೀಸಿನಲ್ಲಿ ನನಗಿಲ್ಲದ ಅಧಿಕಾರ ಅದು. ಸಮುದ್ರದಲ್ಲಿ ಅವಕ್ಕೆ ಒಂದು ಮುದಿ ಆಮೆ ಜೊತೆಯಾಗುತ್ತದೆ. ಆಯುಷ್ಯವೆಲ್ಲ ಕಳೆದದ್ದು ಸಮುದ್ರದಲ್ಲೇ ಆದರೂ ಅಲೆ ಕಂಡರೆ ವಾಕರಿಕೆ ಬರುವ ಆಮೆ. ತಾನು ಕೂಗಿದರಷ್ಟೇ ಸೂರ್ಯ ಹುಟ್ಟುತ್ತಾನೆ ಎಂದು ಹುಂಜದ ನಂಬಿಕೆ. ಎಮ್ಮೆಯದು ಒಂದೇ ಗೋಳು: ಇಷ್ಟೊಂದು ನೀರಿದೆ, ಒಂದು ಬೊಗಸೆ ಕೆಸರಿಲ್ಲ.

ಚಿತ್ರಗಳಿಲ್ಲದೆ ಈ ಪುಸ್ತಕ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ದಿನ ಗೋಕಾಕಕ್ಕೆ ಹೋಗುವಾಗ ನಮ್ಮ ಬಸ್ಸು ಕಬ್ಬಿನ ಟ್ರೇಲರ್ ಹಿಂದೆ ಸಿಕ್ಕಿಬಿತ್ತು. ಟ್ರೇಲರಿನ ಹಿಂಬದಿಯ ಹಲಗೆಯ ಮೇಲೆ ಒಂದು ಎಮ್ಮೆಯ ಮುಖ. ಏನೋ ಮುಖ್ಯವಾದದ್ದನ್ನು ಯೋಚಿಸುತ್ತಿರುವಾಗ ನಾವು ಬಂದು ಅಡ್ಡಿಪಡಿಸಿದೆವು ಎಂಬಂತೆ ನೋಡುತ್ತಿತ್ತು. ನನ್ನ ಎಮ್ಮೆ ಅದೇ! ಮೂಲೆಯಲ್ಲಿ ಪೇಂಟರ್ ಊರು ಬರೆದಿತ್ತು. ಮುಂದಿನ ರಜೆಗೆ ಮೂಡಲಗಿಗೆ ಹೋದೆ.

ಪೇಂಟರಿಗೆ ಅರವತ್ತು ದಾಟಿತ್ತು. ತಗಡಿನ ಶೆಡ್ಡಿನಲ್ಲಿ ಕೂತು ನವಿಲಿಗೆ ಗರಿ ಬರೆಯುತ್ತಿದ್ದರು. ಎರಡು ತಾಸು ನಾನು ಇಡೀ ಕಥೆ ಓದಿದೆ. ಅವರು ತಲೆ ಎತ್ತಲಿಲ್ಲ. ಕೆಸರಿನ ಮಾತು ಬಂದಾಗ ಮಾತ್ರ ಒಮ್ಮೆ ನಕ್ಕರು. ಓದಿ ಮುಗಿಸಿದ ಮೇಲೆ, "ಎಮ್ಮಿ ಚಿತ್ರಾ ತಗೀತೇನ್ರಿ ಅಕ್ಕಾರ, ಹುಂಜಾನೂ ತಗೀತೇನಿ. ಆಮಿ ತಗಿಯಾಂಗಿಲ್ಲ" ಎಂದರು.

"ಯಾಕ್ರಿ ಕಾಕಾರ?"

"ಆಮಿ ಮುಖಾ ತಗದ್ರ ಯಾರದರ ಮಾರಿ ಹಂಗ ಆಗಿಬಿಡತೈತಿ. ನಾಳಿ ಊರಾಗ ಯಾರರ ಬಂದು ಜಗಳಾ ತಗೀತಾರ."

ಆಮೆ ಬರೆಯಲು ಅವರನ್ನು ಒಪ್ಪಿಸಲು ಮತ್ತೆ ಎರಡು ಸಲ ಹೋಗಬೇಕಾಯಿತು.

ಎರಡು ತಿಂಗಳ ಮೇಲೆ ಆರು ಚಿತ್ರ ತಯಾರಾಗಿವೆ ಎಂದು ಫೋನು ಬಂತು. ಹೋಗಿ ನೋಡಿದರೆ ಕಾಗದವಲ್ಲ, ತಗಡು! ಟ್ರೇಲರಿಗೆ ಹಚ್ಚುವ ಬಣ್ಣದಲ್ಲಿ, ಒಂದೊಂದು ಮೊಳ ಅಗಲದ ತಗಡಿನ ಮೇಲೆ ಬರೆದಿದ್ದರು. ಹಾಳೆ ನಾನೇ ತಂದುಕೊಟ್ಟಿದ್ದೆನಲ್ಲ ಎಂದು ಕೇಳಿದೆ. "ಹಾಳಿ ಮ್ಯಾಲ ನನ್ನ ಕೈ ಓಡಂಗಿಲ್ರಿ" ಎಂದರು, ಅಷ್ಟೇ. ಹಾಳೆಗಳನ್ನು ಅವರ ಮನೆಯವರು ಡಬ್ಬಿಗಳ ಕೆಳಗೆ ಹಾಸಿದ್ದರು.

ಎಮ್ಮೆ ಅದ್ಭುತವಾಗಿತ್ತು. ಆ ಮಾತು ಒಪ್ಪಬೇಕು. ಕೊಪ್ಪರಿಗೆಯಲ್ಲಿ ಮುಳುಗಿ ಕೂತ ಅದರ ಕುತ್ತಿಗೆಯ ಮಡಿಕೆಗಳು, ಅದರ ತಲೆಯ ಮೇಲೇರಿ ನಿಂತ ಹುಂಜದ ಠೀವಿ. ಆದರೆ ಆರೂ ಚಿತ್ರಗಳಲ್ಲಿ ನೀರಿನ ಆಚೆಗೆ ಒಂದು ದಡ. ದಡದ ಮೇಲೆ ಜಾಲಿಗಿಡ, ಲೈಟಿನ ಕಂಬ, ಒಂದರಲ್ಲಂತೂ ಯಾರದೋ ಮನೆಯ ಹೊಗೆ.

"ಕಾಕಾರ, ಇದು ಸಮುದ್ರ. ಸಮುದ್ರಕ್ಕ ಆಚೀ ದಂಡಿ ಇರಂಗಿಲ್ರಿ."

"ಇರಂಗಿಲ್ಲ ಅಂದ್ರ? ನೀರು ಎಲ್ಲಿ ನಿಂದರತೈತಿ ಮತ್ತ?"

"ಇರತೈತಿ. ಆದರ ಭಾಳ ದೂರ. ಕಣ್ಣಿಗೆ ಕಾಣಂಗಿಲ್ಲ."

"ಅಂದ್ರ ಇದ್ದದ್ದನ್ನ ತಗೀಬ್ಯಾಡ ಅಂತೀರಿ."

ಸಮುದ್ರವನ್ನು ಅವರು ನೋಡಿರಲಿಲ್ಲ. ನಾನಾದರೂ ಸಾಲಿಯ ಪ್ರವಾಸದಲ್ಲಿ ಕಾರವಾರದಲ್ಲಿ ಅರ್ಧ ತಾಸು ನೋಡಿದ್ದೆ. ಆ ಅರ್ಧ ತಾಸಿನ ಬಲದ ಮೇಲೆ ಅವರಿಗೆ ದೊಡ್ಡ ಪಾಠ ಹೇಳಿ, ಎರಡು ತಗಡು ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಗೋಣಿತಾಟು ಸರಿಸಿ ನೋಡಿ, "ಈ ಎಮ್ಮಿಗೆ ಅರ್ಧಾ ಟಿಕೀಟ ಕೊಡ್ಲೋ, ಪೂರಾ ಕೊಡ್ಲೋ?" ಎಂದ. ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಐದು ವಾರದ ಮೇಲೆ ಹೋದರೆ ಜಾಲಿಗಿಡ ಹೋಗಿತ್ತು, ಕಂಬ ಹೋಗಿತ್ತು. ಅವುಗಳ ಜಾಗದಲ್ಲಿ ಗುಡ್ಡ ಬಂದಿತ್ತು. ಯಾವನೋ ಲಾರಿ ಡ್ರೈವರನನ್ನು ಅವರು ವಿಚಾರಿಸಿದ್ದರಂತೆ. ಕಾರವಾರದ ದಂಡೆಯಲ್ಲಿ ನಿಂತರೆ ನೀರಿನ ನಡುವೆ ಗುಡ್ಡಗಳು ಕಾಣುತ್ತವೆ ಎಂದು ಅವನು ಹೇಳಿದ್ದನಂತೆ. "ನೀವು ಕಾರವಾರ ನೋಡೀನಿ ಅಂದ್ರಿ. ಗುಡ್ಡ ನೋಡಲಿಲ್ಲೇನು?" ಎಂದು ಕೇಳಿದರು. ಕಾರವಾರದ ನಡುಗಡ್ಡೆಗಳು ನನಗೂ ಆಗಲೇ ನೆನಪಾದವು. ಅವಮಾನವಾಯಿತು.

ಕಾರವಾರಕ್ಕೆ ಹೋಗೋಣ ಬರ್ರಿ ಎಂದರೆ ಮೊಳಕಾಲು ತೋರಿಸಿದರು. ಹಾಗಾದರೆ ಹಿಡಕಲ್‌ಗಾದರೂ ಬರ್ರಿ ಎಂದೆ. ನನ್ನದೊಂದು ಲೆಕ್ಕಾಚಾರ ಇತ್ತು. ಜೋರು ಮಳೆಯ ದಿನಗಳಲ್ಲಿ ಜಲಾಶಯದ ಮೇಲೆ ಮಂಜು ಕವಿದು ಆಚೆ ಕಡೆ ಏನೂ ಕಾಣುವುದಿಲ್ಲ. ಬರೀ ನೀರು, ಬರೀ ಬಿಳುಪು. ಆ ವಾರವಿಡೀ ಹಾಗೇ ಇತ್ತು. ದಿನಾ ಬೆಳಿಗ್ಗೆ ಮಟ್ಟ ಬರೆಯುವಾಗ ಖುಷಿಪಟ್ಟೆ. ಅವರು ಬಂದ ದಿನ ಹತ್ತು ಗಂಟೆಗೆ ಬಿಸಿಲು ಬಿತ್ತು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು. ಆಚೆ ದಂಡೆಯ ಒಂದೊಂದು ಗಿಡವನ್ನೂ ಎಣಿಸಬಹುದಿತ್ತು. ಅವರು ಚಾಳೀಸು ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು.

"ಅಗಾ ಅಲ್ಲಿ ನೋಡ್ರಿ ಅಕ್ಕಾರ, ಯಾರೋ ಎಮ್ಮಿ ಮೈ ತೊಳಿಯಾಕತ್ತಾರ."

ಅವರಿಗೆ ಚಹಾ ಕುಡಿಸಿ, ಬಸ್ಸಿಗೆ ಹತ್ತಿಸಿ ಬಂದು, ಕಚೇರಿಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಇನ್ನು ಈ ಮನುಷ್ಯನ ಸಹವಾಸ ಸಾಕು ಎಂದು ನಿರ್ಧಾರ ಮಾಡಿದೆ.

ಗೋಕಾಕದಲ್ಲಿ ಒಂದು ಸಣ್ಣ ಪ್ರೆಸ್ಸು ನಡೆಸುವ ಹೆಣ್ಣುಮಗಳೊಬ್ಬಳು ಪುಸ್ತಕ ಅಚ್ಚು ಹಾಕಲು ಒಪ್ಪಿದ್ದಳು. ಲಗ್ನಪತ್ರಿಕೆಯ ಕೆಲಸವೇ ಹೆಚ್ಚು. ನನ್ನ ಗೋಳು ಕೇಳಿ ಅವಳು, "ಅಯ್ಯ, ಅದಕ್ಯಾಕ ಇಷ್ಟ ಬಡದಾಡತೀರಿ? ಕಂಪ್ಯೂಟರಿಗೆ ಹೇಳಿದ್ರ ಒಂದ ನಿಮಿಷದಾಗ ತಗದು ಕೊಡತೈತಿ" ಎಂದು ಅಲ್ಲೇ ಮಾಡಿ ತೋರಿಸಿದಳು. ನೀಲಿ ಸಮುದ್ರ ಬಂತು, ದಡ ಇರಲಿಲ್ಲ. ನನ್ನ ಜೀವ ತಣ್ಣಗಾಯಿತು. ಹುಂಜಕ್ಕೆ ಹಲ್ಲು ಬಂದಿದ್ದವು, ಅದನ್ನು ತೆಗೆಸಿದೆವು. ಹತ್ತು ಚಿತ್ರ ಅಚ್ಚು ಹಾಕಿಸಿಕೊಂಡು ಹುಕ್ಕೇರಿಗೆ ಬಂದು ತಂಗಿಯ ಮಗಳ ಮುಂದೆ ಹರಡಿದೆ. ಆಗ ಅವಳಿಗೆ ಒಂಬತ್ತು. ಒಂದೊಂದನ್ನೇ ನೋಡಿ ಬದಿಗಿಟ್ಟಳು.

"ಚಂದ ಅದಾವು ಮೌಶಿ. ಆದರ ಈ ಎಮ್ಮಿ ಯಾವತ್ತೂ ಸೆಗಣಿ ಹಾಕಿದ್ದಂಗ ಕಾಣಂಗಿಲ್ಲ."

ನಾನು ಒಳಗೆ ಹೋಗಿ ಹಳೆಯ ಎರಡು ತಗಡು ತಂದೆ. ನೋಡುತ್ತಲೇ ಅವಳು ಬಿದ್ದು ಬಿದ್ದು ನಕ್ಕಳು. ಎಮ್ಮೆಗೆ ನಕ್ಕಳು, ಹುಂಜಕ್ಕೆ ನಕ್ಕಳು. ಆಮೇಲೆ ಬೆರಳಿಟ್ಟು ಕೇಳಿದಳು, "ದಂಡಿ ಇಷ್ಟ ಹತ್ರ ಐತಿ. ಇವು ಯಾಕ ಇಳಿದು ಹೋಗವಲ್ಲವು?"

ಆ ರಾತ್ರಿ ಸಿಟ್ಟಿನಲ್ಲೇ ಊಟ ಮಾಡಿದೆ. ಮಾರನೆಯ ದಿನ, ಬೇರೆ ದಾರಿಯಿಲ್ಲದೆ, ಕಥೆಯನ್ನು ಮೊದಲಿನಿಂದ ತಿದ್ದಲು ಕೂತೆ. ಚಿತ್ರ ಬದಲಾಗದಿದ್ದರೆ ಮಾತನ್ನಾದರೂ ಬದಲಿಸಬೇಕಲ್ಲ! ಹುಂಜ ಪ್ರತಿ ಅಧ್ಯಾಯದಲ್ಲೂ "ಅಗೋ ದಂಡಿ ಬಂತು, ಮೈ ಒರಸ್ಕೋರಿ" ಎಂದು ಕೂಗುವಂತೆ ಮಾಡಿದೆ. ಎಮ್ಮೆ ಎದ್ದು ನಿಲ್ಲುತ್ತದೆ, ಕೊಪ್ಪರಿಗೆ ವಾಲುತ್ತದೆ, ಆಮೆಗೆ ವಾಂತಿಯಾಗುತ್ತದೆ. ದಂಡೆ ಮಾತ್ರ ಎಷ್ಟು ತೇಲಿದರೂ ಅಷ್ಟೇ ದೂರದಲ್ಲಿ ನಿಂತಿರುತ್ತದೆ. ಅಲ್ಲಿರುವ ಯಾರೋ ಹೆಂಗಸು ದಿನಾ ರೊಟ್ಟಿ ಬಡಿಯುವ ಹೊಗೆ ಕಾಣುತ್ತದೆ. ಆ ಹೊಗೆ ನೋಡಿ ಮೂವರೂ ಜೊಲ್ಲು ಸುರಿಸುತ್ತಾರೆ.

ತಿದ್ದಿದ ಪ್ರತಿ ತೆಗೆದುಕೊಂಡು ಮೂಡಲಗಿಗೆ ಹೋಗಿ ಓದಿದೆ. ಪೇಂಟರ್ ಈ ಸಲ ಕುಂಚ ಕೆಳಗಿಟ್ಟು ಕೇಳಿದರು. "ಈಗ ಕಥಿ ಆತು ನೋಡ್ರಿ" ಎಂದರು. ಜಾಲಿಗಿಡಗಳನ್ನು ಅವರು ಅಂದೇ ಮತ್ತೆ ಬರೆಯತೊಡಗಿದರು. ಕಬ್ಬಿನ ಹಂಗಾಮು ಬಂದು ಟ್ರೇಲರುಗಳ ಸಾಲು ನಿಂತಾಗ ನನ್ನ ಕೆಲಸ ಮೂಲೆಗೆ ಬಿತ್ತು, ಹಂಗಾಮು ಮುಗಿದ ಮೇಲೆ ಮತ್ತೆ ಎದ್ದಿತು. ಹೀಗೆ ಮೂವತ್ತು ತಗಡು.

ಪ್ರೆಸ್ಸಿನವಳು ತಗಡುಗಳ ಫೋಟೋ ತೆಗೆದು ಅಚ್ಚು ಹಾಕಿದಳು, ಪುಸ್ತಕ ಬಂತು. ಓದಿದವರೆಲ್ಲರದೂ ಒಂದೇ ಮಾತು: ಆ ದಂಡೆಯ ತಮಾಷೆ ಎಲ್ಲಿಂದ ಹೊಳೆಯಿತು? ಹುಕ್ಕೇರಿಯ ಒಂದು ಸಾಲಿಯಲ್ಲಿ ಓದಿದಾಗ, ಅದು ಯಾವ ಊರಿನ ದಂಡೆ ಎಂದು ಮಕ್ಕಳಲ್ಲೇ ಜಗಳ ಹತ್ತಿತು. ಅದು ಯಮಕನಮರಡಿ ಎಂದು ಒಬ್ಬಳು ಬೆಂಚು ಹತ್ತಿ ಕೂಗಿದಳು. ನಾನು ಕಷ್ಟಪಟ್ಟು ಬರೆದ ತಿಮಿಂಗಿಲದ ಅಧ್ಯಾಯದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಮೊದಲ ಪ್ರತಿಗಳು ಕೈಸೇರಿದ ವಾರ ಪೇಂಟರ್ ಹೇಳದೆ ಕೇಳದೆ ನನ್ನ ಮನೆ ಬಾಗಿಲಿಗೆ ಬಂದರು. ಮೊಳಕಾಲು ನೋವಿನವರು, ಎರಡು ಬಸ್ಸು ಬದಲಿಸಿ. ಸನ್ಮಾನಕ್ಕೆ ಬಂದರೇನೋ ಎಂದುಕೊಂಡೆ. ಪುಸ್ತಕ ತೆರೆದು ಮುಖಕ್ಕೆ ಹಿಡಿದರು.

"ನನ್ನ ಎಮ್ಮಿ ಕಿವಿ ಎಲ್ಲಿ?"

ಹೌದು. ಕೊನೆಗೆ ಅಂಚು ಕತ್ತರಿಸುವಾಗ ಆ ಪುಟದಲ್ಲಿ ಎಮ್ಮೆಯ ಎಡಗಿವಿ ಅರ್ಧ ಹಾರಿಹೋಗಿತ್ತು. ನಾನು ನೋಡಿಯೇ ಇರಲಿಲ್ಲ. ಆಗ ನನಗೂ ರೇಗಿತು. ಮೂರು ವರ್ಷ ತಗಡು ಹೊತ್ತವಳು ನಾನು! ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಪ್ರೆಸ್ಸಿನವಳಿಗೆ ಯಾರು ಏನು ಬೈಯಬೇಕು ಎಂದು ಹಂಚಿಕೊಂಡೆವು.

ಪ್ರೆಸ್ಸಿನವಳು ನಮ್ಮ ಕೂಗಾಟ ಮುಗಿಯುವ ತನಕ ಕಾದು, "ಅರ್ಧಾ ಪ್ರತಿ ಇನ್ನೂ ಕತ್ತರಿಸಿಲ್ರಿ. ನೀವಽ ನಿಂತು ಮಾಡಿಸ್ಕೋರಿ" ಎಂದಳು. ಪೇಂಟರ್ ಕತ್ತರಿಸುವ ಮಷೀನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಒಂದೊಂದು ಕಟ್ಟಿಗೂ ಹೆಬ್ಬೆರಳಿಟ್ಟು, "ಇನ್ನಽ ಸ್ವಲ್ಪ ಆಚೀಕ ತಗೋರಿ, ಇನ್ನಽ ಸ್ವಲ್ಪ" ಎಂದು ಹೇಳುತ್ತ ಸಂಜೆಯ ತನಕ ಎಬ್ಬಿಸಿದರೂ ಏಳಲಿಲ್ಲ. ನನ್ನ ಒಂದು ದಿನದ ರಜೆ ಪ್ರೆಸ್ಸಿನ ಬಾಗಿಲಲ್ಲಿ ನಿಂತೇ ಮುಗಿಯಿತು.

ಆ ಪ್ರತಿಗಳಲ್ಲಿ ಕಿವಿ ಉಳಿಯಿತು. ಕಟ್ಟನ್ನು ಆಚೆ ಸರಿಸಿದ್ದರಿಂದ ಎದುರಿನ ಅಂಚಿನಲ್ಲಿ ಹಿಂದಿನ ಪುಟದ ಆಮೆಯ ಬಾಲ ಹೋಯಿತು. ಎರಡು ದಿನದ ಮೇಲೆ ಅವರ ಫೋನು ಬಂತು.

"ಆಮಿ ಬಾಲ ನೋಡೀರೇನ್ರಿ?"

"ನೋಡೀನ್ರಿ."

ಆಮೇಲೆ ಅವರು, ಯಾರದೋ ಹೊಸ ಟ್ರೇಲರಿನ ಬಣ್ಣ ನಾಲ್ಕು ದಿನವಾದರೂ ಒಣಗುತ್ತಿಲ್ಲವೆಂದು ಮಳೆಯನ್ನು ಬೈಯತೊಡಗಿದರು. ಗಂಟೆಗೊಮ್ಮೆ ಮಟ್ಟ ಬರೆದು ನನಗೂ ಸಾಕಾಗಿತ್ತು. ನಾನೂ ಜೊತೆಗೆ ಬೈದೆ.