ಹಾಗಲವಾಡಿಯ ಜಗಲಿಯಲ್ಲಿ ಒಂದು ಗಂಟೆ

ಬೆಳಗ್ಗೆ ಏಳೂವರೆಗೆ ನಾನೂ ಗೆಳತಿ ಸುಷ್ಮಾಳೂ ತುಮಕೂರಿನಿಂದ ಗುಬ್ಬಿಯ ಬಸ್ ಹತ್ತಿದೆವು. ಹೆಂಗಸರಾದ್ದರಿಂದ ಟಿಕೆಟ್ ಉಚಿತ. ಕುಣಿಗಲ್‌ನಲ್ಲಿ ಸಮಾಜ ಕಾರ್ಯಕರ್ತರಿಗೆ ನಡೆಯಲಿದ್ದ ತರಬೇತಿಯ ರೂಪುರೇಷೆ ತಯಾರಿಸುವ ಕೆಲಸ ಸ್ವಯಂಸೇವಕಿಯರಾದ ನಮ್ಮ ಪಾಲಿಗೆ ಬಂದಿತ್ತು. ‘ಜನರನ್ನು ಮಾತನಾಡಿಸುವ ಕಲೆ’ ಎಂಬ ಮೊದಲ ಪಾಠವನ್ನು ನಾನೇ ಬರೆದಿದ್ದೆ. ಅನುಭವಸ್ಥರಿಗೆ ಒಮ್ಮೆ ತೋರಿಸೋಣವೆಂದು ಹೊರಟಿದ್ದೆವು.

ಗುಬ್ಬಿಯಲ್ಲಿ ತಟ್ಟೆ ಇಡ್ಲಿ ತಿಂದು, ಬಸ್ ಬದಲಿಸಿ ಹಾಗಲವಾಡಿ ತಲುಪಿದಾಗ ಹತ್ತು ದಾಟಿತ್ತು. ಚಳಿ ಬಿಟ್ಟು ಬಿಸಿಲು ಏರುತ್ತಿತ್ತು. ಅಲ್ಲಿನ ಕಾರ್ಯಕರ್ತೆ ರತ್ನಮ್ಮ ನನ್ನ ಕಾಗದಗಳನ್ನು ಆಮೇಲೆ ನೋಡುವುದಾಗಿ ಹೇಳಿ, ನಮ್ಮನ್ನು ನೇರ ಒಂದು ಮನೆಗೆ ಕರೆದೊಯ್ದರು. ಒಲೆಯ ಬೆಂಕಿಯಿಂದ ಮುಖ ಸುಟ್ಟುಕೊಂಡ ಆ ಮನೆಯ ಸೊಸೆ ಜಯಮ್ಮ ವರ್ಷದಿಂದ ಹೊಸಿಲು ದಾಟಿರಲಿಲ್ಲ. ಒಂದು ಕಣ್ಣಿನ ರೆಪ್ಪೆ ಮುಚ್ಚುತ್ತಿಲ್ಲ, ತಡಮಾಡಿದರೆ ದೃಷ್ಟಿಯೇ ಹೋದೀತು ಎಂದು ಮನೆಗೆ ಬಂದಿದ್ದ ನರ್ಸ್ ಎಚ್ಚರಿಸಿದ್ದರಂತೆ. ರತ್ನಮ್ಮ ಅಲ್ಲಿಗೆ ಹೋಗುತ್ತಿದ್ದುದು ಆರನೆಯ ಸಲ.

ಬಾಗಿಲು ಮುಚ್ಚಿತ್ತು. ಜಗಲಿಯ ಮೇಲೆ ಜಯಮ್ಮನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ರತ್ನಮ್ಮ ಪಕ್ಕದಲ್ಲಿ ಕೂತು ತಾವೂ ಸುಲಿಯತೊಡಗಿದರು. ಆಸ್ಪತ್ರೆಯ ಮಾತಿಲ್ಲ, ಬುದ್ಧಿವಾದವಿಲ್ಲ. ಮಳೆ, ರಾಗಿ, ಯಾರದೋ ಬಾಣಂತನ. ನಾನು ಬಾಯಿ ತೆರೆದಾಗ ಮೆಲ್ಲನೆ ನನ್ನ ಮೊಣಕಾಲು ಒತ್ತಿದರು. ಹೀಗೇ ಒಂದು ಗಂಟೆ ಕಳೆಯಿತು.

ಬಾಗಿಲ ಹಿಂದಿನಿಂದ ದನಿ ಬಂತು. “ಅಕ್ಕ, ನನ್ನ್ ನೋಡುದ್ರೆ ಮಕ್ಳು ಹೆದ್ರುಕೊಳ್ತವೆ ಕಣಕ್ಕ.”

“ಮೊದ್ಲು ಹೆದ್ರುಕೊಳ್ತವೆ, ಆಮೇಲೆ ಅಭ್ಯಾಸ ಆಯ್ತದೆ ಬುಡು,” ಎಂದರು ರತ್ನಮ್ಮ, ಕಾಯಿಯಿಂದ ಕಣ್ಣೆತ್ತದೆ. “ನಾನ್ ಜೊತೇಲಿರ್ತೀನಿ.”

ಚಿಲಕ ಸರಿಯಿತು. ಜಯಮ್ಮ ಹೊರಬಂದು ಕೂತು, ಒಂದು ಹಿಡಿ ಕಾಯಿ ಎಳೆದುಕೊಂಡಳು. ಎಷ್ಟು ಪುಸ್ತಕ ಓದಿದ್ದೆ, ಬುದ್ಧಿವಾದವಿಲ್ಲದೆ ಬಾಗಿಲು ಹೀಗೆ ತೆರೆಯುವುದನ್ನು ಎಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಜಯಮ್ಮ, ರತ್ನಮ್ಮ ಇಬ್ಬರೂ ನಮ್ಮೊಡನೆ ಗುಬ್ಬಿಯ ಆಸ್ಪತ್ರೆಗೆ ಬಂದರು. ಮೊದಲ ಪಾಠ ನೀವೇ ಮಾಡಿ ಎಂದು ರತ್ನಮ್ಮನವರನ್ನು ಕೇಳಿಕೊಂಡೆ. “ನಂಗ್ ಪಾಠ ಮಾಡಕ್ ಬರಲ್ಲ ಕಣವ್ವ. ನಾಲ್ಕು ಜನ ನನ್ ಜೊತೆ ಬರ್ಲಿ, ಕರ್ಕೊಂಡ್ ಹೋಗ್ತೀನಿ,” ಎಂದರು.

ಮರುದಿನ ಕುಣಿಗಲ್‌ಗೆ ಹೋಗಿ ಆಯೋಜಕರಿಗೆ ಎಲ್ಲವನ್ನೂ ವಿವರಿಸಿದೆವು. ಒಂದು ದಿನ ಸಭಾಂಗಣ ಬಿಟ್ಟು ಹಳ್ಳಿಗಳಲ್ಲೇ ತರಬೇತಿ ಎಂದು ತೀರ್ಮಾನವಾಯಿತು. ನನ್ನ ಪಾಠ ಹೋಯಿತು; ಬೇಸರವಾಗಲಿಲ್ಲ.

ಸಂಜೆ ತುಮಕೂರಿಗೆ ಮರಳುವಾಗ ರತ್ನಮ್ಮ ಫೋನ್ ಮಾಡಿದರು. ಕಣ್ಣು ಉಳಿಯುತ್ತದೆ, ರೆಪ್ಪೆಗೆ ಆಪರೇಷನ್ ಆಗಬೇಕು, ಜಯಮ್ಮ ಒಪ್ಪಿದ್ದಾಳೆ ಎಂದರು. ನಾಳೆ ಇನ್ನೊಂದು ಮನೆಗೆ ಹೋಗಬೇಕು, ಬರುತ್ತೀರಾ ಎಂದೂ ಕೇಳಿದರು. ನಾನು ಉತ್ತರಿಸುವ ಮೊದಲೇ, ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಸುಷ್ಮಾ, ಗುಬ್ಬಿಗೆ ಮೊದಲ ಬಸ್ ಎಷ್ಟು ಹೊತ್ತಿಗೆಂದು ಕಂಡಕ್ಟರನ್ನು ವಿಚಾರಿಸುತ್ತಿದ್ದಳು.