ಏಳನೇ ಟ್ಯೂಬಿನ ಹಸಿರು ಜ್ವಾಲೆ

ಕಳೆದ ಶನಿವಾರ ಪಕ್ಕದೂರು ಡ್ಯಾನ್‌ವಿಲ್‌ನಲ್ಲಿ ಪರಿಚಯದವರ ಮನೆಯಲ್ಲಿ ಊಟ. ತಟ್ಟೆ ಹಿಡಿದು ಕೂತ ಕೂಡಲೇ ಪಕ್ಕದಲ್ಲಿದ್ದ ಮೈಸೂರಿನ ಸಂಧ್ಯಾ ಕೇಳಿದರು, "ಶೈಲಾ, ನೀವೂ ಕಾಲೇಜಿಗೆ ಹೋಗ್ತಿದೀರಂತೆ? ಜಾವಾನಾ, ಟೆಸ್ಟಿಂಗಾ?"

"ಜನರಲ್ ಸೈನ್ಸು," ಅಂದೆ.

ಸಂಧ್ಯಾ ಚಪಾತಿ ಹರಿಯುವುದನ್ನು ನಿಲ್ಲಿಸಿದರು. "ಅದು ಹೈಸ್ಕೂಲಲ್ಲೇ ಮುಗ್ದಿರತ್ತಲ್ವಾ?"

ಅವರದೇನೂ ತಪ್ಪಿಲ್ಲ. ಹೆಸರಿನ ಕೊನೆಗೊಂದು ಡಾಟ್ ಕಾಮ್ ಅಂಟಿಸಿಕೊಂಡರೆ ಸಾಕು, ಇಲ್ಲಿ ಈಗ ಕಂಪನಿ ತಯಾರು. ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿದವರು ಆರನೇ ತಿಂಗಳಿಗೆ ಕೊರಳಿಗೆ ಬ್ಯಾಡ್ಜು ಹಾಕಿಕೊಂಡು 680 ಫ್ರೀವೇಯ ಟ್ರಾಫಿಕ್ಕನ್ನು ಬಯ್ಯತೊಡಗುತ್ತಾರೆ. ಅಂಥ ಜಾಗದಲ್ಲಿ ಉಡುಪಿಯಲ್ಲಿ ಬಿ.ಎ. ಮಾಡಿದ ನಲವತ್ತರ ಹೆಂಗಸೊಬ್ಬಳು ಎರಡು ವರ್ಷದ ಡಿಗ್ರಿಗೆ ಸೇರಿ ಕೆಮಿಸ್ಟ್ರಿ, ಬಯಾಲಜಿ, ಮೇಲಿಷ್ಟು ಜಿಯಾಲಜಿ ಓದುತ್ತಾಳೆಂದರೆ ಜನ ಏನೆಂದುಕೊಳ್ಳಬೇಕು? (ನಮ್ಮವರು ಮಾತ್ರ ಏನೂ ಅನ್ನಲಿಲ್ಲ. "ಅಲ್ಲಿ ಪಾರ್ಕಿಂಗ್ ಸಿಗತ್ತಾ?" ಅಂತ ಕೇಳಿದರು, ಅಷ್ಟೇ.)

ಯಾಕೆ ಓದುತ್ತಿದ್ದೇನೆ ಅನ್ನುವುದಕ್ಕೆ ಆವತ್ತು ನನ್ನ ಹತ್ತಿರ ಚುರುಕಾದ ಉತ್ತರ ಇರಲಿಲ್ಲ. ಮಂಗಳವಾರ ಸಿಕ್ಕಿತು.

ಮಂಗಳವಾರ ಕೆಮಿಸ್ಟ್ರಿ ಲ್ಯಾಬು. ಇಬ್ಬಿಬ್ಬರಿಗೆ ಒಂದೊಂದು ನಂಬರಿನ ಟೆಸ್ಟ್ ಟ್ಯೂಬು ಕೊಟ್ಟಿದ್ದರು. ಒಳಗಿನ ದ್ರಾವಣದಲ್ಲಿ ಯಾವ ಲೋಹ ಇದೆ ಅಂತ ನಾವು ಕಂಡುಹಿಡಿಯಬೇಕು. ನಮ್ಮದು ಏಳನೇ ನಂಬರು.

ನನ್ನ ಲ್ಯಾಬ್ ಪಾರ್ಟ್‌ನರ್ ಮಾರ್ಥಾ. ವಯಸ್ಸು ಐವತ್ತಾರು. ಇಪ್ಪತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ, ಈಗ ನರ್ಸ್ ಆಗುತ್ತೇನೆಂದು ಹೊರಟವಳು. ಕೆಮಿಸ್ಟ್ರಿಯಲ್ಲಿ ಒಮ್ಮೆ ಫೇಲಾಗಿದ್ದಾಳೆ. ಈ ಸಲವೂ ಫೇಲಾದರೆ ನರ್ಸಿಂಗಿಗೆ ಸೀಟು ಸಿಗುವುದಿಲ್ಲ. ಹಾಗಾಗಿ ಅವಳಿಗೆ ಒಂದೊಂದು ಮಾರ್ಕೂ ಪ್ರಾಣ.

ಟ್ಯೂಬಿಗೆ ಆ್ಯಸಿಡ್ ಹನಿ ಬಿಟ್ಟೆವು. ತಳದಲ್ಲಿ ಬಿಳಿ ಪುಡಿ ನಿಂತಿತು. ಅಂದರೆ ಬೇರಿಯಂ ಇರಬಹುದು, ಸ್ಟ್ರಾನ್ಷಿಯಂ ಕೂಡ ಇರಬಹುದು. ಎರಡರಲ್ಲಿ ಯಾವುದು ಅಂತ ಹೇಳುವುದು ಬೆಂಕಿ. ದ್ರಾವಣದಲ್ಲಿ ಅದ್ದಿದ ತಂತಿಯನ್ನು ಬರ್ನರ್ ಉರಿಗೆ ಹಿಡಿದರೆ ಬೇರಿಯಂ ಹಸಿರು, ಸ್ಟ್ರಾನ್ಷಿಯಂ ಕೆಂಪು. ನಮ್ಮದು ಹಸಿರಾಗಿ ಉರಿಯಿತು. ತಂತಿ ತೊಳೆದು ಮತ್ತೆ ಹಿಡಿದೆವು. ಹಸಿರೇ. ಮೂರನೇ ಸಲವೂ ಹಸಿರೇ. ಬೇರಿಯಂ ಅಂತ ಬರೆದು ಕೊಟ್ಟೆವು.

ಎಲ್ಲರ ರಿಪೋರ್ಟು ತೆಗೆದುಕೊಂಡ ಮೇಲೆ ಮೇಷ್ಟ್ರು ಸರಿಯುತ್ತರಗಳನ್ನು ಬೋರ್ಡಿನ ಮೇಲೆ ಬರೆದರು. (ಇಲ್ಲಿ ಎಲ್ಲರೂ ಅವರನ್ನು ಡೇವಿಡ್ ಅಂತಲೇ ಕರೆಯುತ್ತಾರೆ. ನನ್ನ ಬಾಯಿಗೆ 'ಸರ್' ಬಿಟ್ಟು ಬೇರೇನೂ ಬರುವುದಿಲ್ಲ.) ಏಳು: ಸ್ಟ್ರಾನ್ಷಿಯಂ. ಎಂಟು: ಬೇರಿಯಂ.

"ತಪ್ಪಾದವರು ರಿಪೋರ್ಟು ವಾಪಸ್ ತಗೊಂಡು ಈಗಲೇ ತಿದ್ದಿಕೊಟ್ಟರೆ ಅರ್ಧ ಮಾರ್ಕು," ಅಂದರು.

ಮಾರ್ಥಾ ಆಗಲೇ ಪೆನ್ನು ತೆಗೆದಿದ್ದಳು. "ಕೆಂಪು ಅಂತ ತಿದ್ದೋಣ. ನಾವು ಸರಿಯಾಗಿ ನೋಡಿಲ್ಲ."

"ಮೂರು ಸಲ ನೋಡಿದ್ದೀವಿ."

"ನಿನಗೆ ಇದು ಹವ್ಯಾಸ, ಶೈಲಾ. ನನಗೆ ಹಾಗಲ್ಲ."

ಮಾತು ಚುಚ್ಚಿತು. ನಿಜವೂ ಆಗಿತ್ತು. ಸೊನ್ನೆ ಬಂದರೆ ನನಗೇನು? ಮನೆಗೆ ಹೋಗಿ ಸಾರು ಕುದಿಸುತ್ತೇನೆ. ಅವಳ ನರ್ಸಿಂಗ್ ಸೀಟನ್ನು ಪಣಕ್ಕಿಡಲು ನಾನು ಯಾರು? ಆದರೆ ನಾನು ಕಂಡದ್ದು ಹಸಿರು. ಕಾಣದ ಕೆಂಪನ್ನು ಕಂಡೆ ಅಂತ ಬರೆಯಲು ಕೈ ಬರಲಿಲ್ಲ.

"ಮಾರ್ಥಾ, ನೀನು ಇಪ್ಪತ್ತು ವರ್ಷ ಮಕ್ಕಳನ್ನು ಕೂರಿಸಿಕೊಂಡು ಬಸ್ಸು ಓಡಿಸಿದವಳು," ಅಂದೆ. "ಕೆಂಪು ಯಾವುದು, ಹಸಿರು ಯಾವುದು ಅಂತ ನಿನಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು?"

ಅವಳು ನನ್ನನ್ನೇ ನೋಡಿದಳು. ಪೆನ್ನಿಗೆ ಕ್ಯಾಪು ಹಾಕಿದಳು. ಆಮೇಲೆ ತಾನೇ ಎದ್ದು ಹೋಗಿ ಮೇಷ್ಟ್ರ ಮುಂದೆ ನಿಂತಳು. "ನಮ್ಮದು ಹಸಿರು. ನೀವೇ ಬಂದು ನೋಡಿ."

ಮೇಷ್ಟ್ರು ಬಂದರು. ಹೊಸ ತಂತಿ ತೆಗೆದು, ಲೈಟು ಆರಿಸಿ, ಉರಿಗೆ ಹಿಡಿದರು. ಇಡೀ ಕ್ಲಾಸಿನೆದುರು ಹಸಿರು. ಎಂಟನೇ ಟ್ಯೂಬು ತರಿಸಿದರು. ಅದು ಕೆಂಪಾಗಿ ಉರಿಯಿತು. ಟ್ಯೂಬುಗಳಿಗೆ ನಂಬರು ಅಂಟಿಸುವಾಗ ಏಳು, ಎಂಟು ಅದಲುಬದಲಾಗಿತ್ತು.

"ತಪ್ಪು ನನ್ನದು," ಅಂದರು ಮೇಷ್ಟ್ರು. ಬೋರ್ಡು ಒರೆಸಿ ತಿದ್ದಿ ಬರೆದರು. ಒಂದು ಚೂರೂ ಮುಜುಗರವಿಲ್ಲ. (ನಾನು ಕಲಿತ ಶಾಲೆಗಳಲ್ಲಿ ಬೋರ್ಡು ಯಾವತ್ತೂ ತಪ್ಪಿದ್ದಿಲ್ಲ. ತಪ್ಪುತ್ತಿದ್ದವರು ನಾವು ಮಾತ್ರ.)

ಪಾಪ, ಎಂಟನೇ ನಂಬರಿನವರು. ಅಷ್ಟು ಹೊತ್ತು ಫುಲ್ ಮಾರ್ಕ್ಸಿನಲ್ಲಿ ಕೂತಿದ್ದ ಚುರುಕಿನ ಹುಡುಗಿಯರಿಬ್ಬರು. "ಕೆಂಪು ಉರಿ ನೋಡಿ ಬೇರಿಯಂ ಅಂತ ಹೇಗೆ ಬರೆದಿರಿ?" ಅಂತ ಮೇಷ್ಟ್ರು ಕೇಳಿದರು. ಹಿಂದಿನ ಬ್ಯಾಚಿನ ಉತ್ತರಗಳ ಪಟ್ಟಿ ಆ ಹುಡುಗಿಯರ ಫೈಲಿನಲ್ಲೇ ಇತ್ತಂತೆ, ನಂಬರುಗಳು ಪ್ರತಿ ಸಲ ಅವೇ ಅಂತ ಅದನ್ನೇ ನೋಡಿ ಬರೆದಿದ್ದರು. ಬರ್ನರ್ ಹಚ್ಚಿಯೇ ಇರಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಮಾರ್ಥಾ ನನ್ನನ್ನು ತಬ್ಬಿಕೊಂಡಳು. "ಆ ಹವ್ಯಾಸದ ಮಾತು ಮರೆತುಬಿಡು," ಅಂದಳು. ಮರೆಯುವುದಿಲ್ಲ ಅಂದೆ. ಇಬ್ಬರೂ ನಕ್ಕೆವು.

ಸ್ಯಾನ್ ರಮೋನ್‌ನ ಮನೆಗೆ ವಾಪಸ್ ಬರುವಾಗ ಬೀಗುತ್ತಲೇ ಡ್ರೈವ್ ಮಾಡಿದೆ, ಸುಳ್ಳು ಯಾಕೆ ಹೇಳಲಿ? ಆದರೆ ದಾರಿಯಲ್ಲಿ ಒಂದು ಹಳೆಯ ಸಂಗತಿ ನೆನಪಾಯಿತು. ಎಸ್ಸೆಸ್ಸೆಲ್ಸಿ ಮುಗಿದಾಗ ನನ್ನ ಕಾಲೇಜು ಫಾರಂ ತುಂಬಿದ್ದು ಹೆಡ್‌ಮಾಸ್ಟರ್ ಮತ್ತು ಅಪ್ಪ. "ಸೈನ್ಸ್ ಇವಳಿಗೆ ಹಿಡಿಸ್ಲಿಕ್ಕಿಲ್ಲ ಮಾರಾಯ್ರೆ," ಅಂದರು ಹೆಡ್‌ಮಾಸ್ಟರ್. ಅಪ್ಪ ಆರ್ಟ್ಸ್ ಅಂತ ಬರೆದರು. ಪಕ್ಕದಲ್ಲೇ ನಿಂತಿದ್ದ ನಾನು ಸಹಿ ಹಾಕಿದೆ. ಹಿಡಿಸುತ್ತದೋ ಇಲ್ಲವೋ ಅಂತ ಒಮ್ಮೆಯಾದರೂ ಪರೀಕ್ಷೆ ಮಾಡಿ ನೋಡಿದವರು ಯಾರು? ಅವರಂತೂ ಅಲ್ಲ. ನಾನೂ ಅಲ್ಲ. ಇಪ್ಪತ್ತನಾಲ್ಕು ವರ್ಷ ಬೇರೆಯವರ ಪಟ್ಟಿಯ ಉತ್ತರವನ್ನೇ ನನ್ನದೆಂದು ಇಟ್ಟುಕೊಂಡಿದ್ದೆ.

ಮನೆಗೆ ಬಂದೆ. ನೀರಿಗೆಂದು ಫ್ರಿಜ್ ಹತ್ತಿರ ಹೋದರೆ ಬಾಗಿಲ ಮೇಲೆ ಮಗಳು ಅನಘಾಳ ಫಾರಂ. ಮುಂದಿನ ವರ್ಷ ಅವಳಿಗೆ ಮಿಡ್ಲ್ ಸ್ಕೂಲು. ಐಚ್ಛಿಕ ವಿಷಯ ಯಾವುದು ಅಂತ ಗುರುತು ಹಾಕಬೇಕಿತ್ತು. 'ಕಂಪ್ಯೂಟರ್' ಅನ್ನುವ ಚೌಕಕ್ಕೆ ದಪ್ಪಗೆ ಟಿಕ್ ಬಿದ್ದಿತ್ತು. ಹಾಕಿದವಳು ನಾನೇ, ಹೋದ ವಾರ.

ಅನಘಾಳನ್ನು ಕರೆದೆ. "ಪುಟ್ಟಾ, ಇದ್ರಲ್ಲಿ ನಿಂಗೆ ಏನು ಬೇಕು?"

"ಬ್ಯಾಂಡ್," ಅಂದಳು. ಒಂದು ಸೆಕೆಂಡೂ ಯೋಚಿಸಲಿಲ್ಲ. "ಐ ವಾಂಟ್ ಟು ಪ್ಲೇ ದ ಟ್ರೊಂಬೋನ್."

ಟ್ರೊಂಬೋನ್ ಅಂದರೆ ಅವಳಿಗಿಂತ ಉದ್ದದ ಆ ತುತ್ತೂರಿ. "ಮೊದಲೇ ಹೇಳಬಾರದಿತ್ತಾ?" ಅಂದೆ.

"ಯೂ ನೆವರ್ ಆಸ್ಕ್ಡ್, ಅಮ್ಮಾ."

ಟಿಕ್ ಮೇಲೆ ಗೀಟು ಎಳೆದು ಪೆನ್ನು ಅವಳ ಕೈಗೆ ಕೊಟ್ಟೆ.

ನಿಮ್ಮ ಮನೆಯಲ್ಲಿ ಈ ವರ್ಷ ಯಾರ ಫಾರಂ ಯಾರು ತುಂಬುತ್ತಿದ್ದಾರೆ?