ಕಾರ್‌ಪೂಲಿನಲ್ಲಿ ಪಕ್ಷಭೇದ

ನಾನು ಸ್ವಲ್ಪ ಆತುರದ ಮನುಷ್ಯ. ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಹೋಗಿ ಗೇಟಿನೆದುರು ಕೂರುವವನು. ಮದುವೆಮನೆಯಲ್ಲಿ ಎಲೆ ಹಾಕುವುದಕ್ಕೂ ಮೊದಲೇ ಕುರ್ಚಿ ಹಿಡಿಯುವವನು. ಹಾಗಾಗಿ 2020ರ ಫೆಬ್ರವರಿಯಲ್ಲಿ ಅಂಚೆಯಲ್ಲಿ ಮತಪತ್ರ ಬಂದಾಗ ಅದೇ ಸಂಜೆ ಗುರುತು ಹಾಕಿ, ಲಕೋಟೆಗೆ ಸಹಿ ಮಾಡಿ, ಮರುದಿನ ಬೆಳಿಗ್ಗೆಯೇ ಪೋಸ್ಟ್ ಡಬ್ಬಕ್ಕೆ ಹಾಕಿಬಿಟ್ಟೆ. ಮತಪತ್ರದ ಜೊತೆಗೆ 'ನಾನು ವೋಟು ಹಾಕಿದೆ' ಎಂದು ಸಾರುವ ಒಂದು ಸ್ಟಿಕರನ್ನೂ ಕಳಿಸಿರುತ್ತಾರೆ. ಅದನ್ನು ಎದೆಗೆ ಅಂಟಿಸಿಕೊಂಡು ಆಫೀಸಿಗೆ ಹೊರಟೆ. ಚುನಾವಣೆಗೆ ಇನ್ನೂ ಮೂರು ವಾರದ ಮೇಲಿತ್ತು.

"ಸ್ಟಿಕರ್‌ನಾದ್ರೂ ಆ ದಿನಕ್ಕೆ ಇಟ್ಕೋಬಾರ್ದಾ?" ಅಂದಳು ಹೆಂಡತಿ ಶೈಲಾ.

ಈ ಚುನಾವಣೆಗೆ ಇಲ್ಲಿ ಅಮೆರಿಕದಲ್ಲಿ ಪ್ರೈಮರಿ ಅನ್ನುತ್ತಾರೆ. ಅಧ್ಯಕ್ಷರ ಚುನಾವಣೆ ನಡೆಯುವುದು ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಪ್ರತಿ ಪಕ್ಷದವರೂ ತಮ್ಮೊಳಗೇ ಕಚ್ಚಾಡಿ, ಒಬ್ಬರನ್ನು ಉಳಿಸಿಕೊಂಡು, ಆಮೇಲೆ ಎಲ್ಲರೂ ಸೇರಿ ಆ ಒಬ್ಬರಿಗೇ ಜೈ ಅನ್ನಬೇಕು. ಬಸವನಗುಡಿಯ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ವಿವರಿಸಿದೆ. "ಅಷ್ಟೊಂದು ಬೈದಾಡಿದ ಮೇಲೆ ಅದ್ಹೇಗೋ ಜೈ ಅಂತಾರೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ. ನಮ್ಮಲ್ಲಿ ಸೋತವರು ಜೈ ಅನ್ನುವ ಪದ್ಧತಿ ಕಡಿಮೆ. ಶಾಸಕರಾದರೆ ರೆಸಾರ್ಟಿಗೆ ಹೋಗುತ್ತಾರೆ, ಅನಿವಾಸಿ ಕನ್ನಡಿಗರಾದರೆ ಇನ್ನೊಂದು ಸಂಘ ಕಟ್ಟುತ್ತಾರೆ. ಗಣೇಶನ ಹಬ್ಬದ ಅಡುಗೆಗೆ ಯಾರನ್ನು ಕರೆಸಬೇಕು ಎಂಬ ವಿಷಯಕ್ಕೆ ಸೋತವರು ಬೇರೆ ಸಂಘ, ಬೇರೆ ಗಣೇಶ, ಬೇರೆ ವಾಟ್ಸಾಪ್ ಗುಂಪು ಮಾಡಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎರಡೂ ಕಡೆ ಊಟ ಮಾಡಿದ್ದೇನೆ ಕೂಡ.

ಇನ್ನೊಂದು ವಿಚಿತ್ರವೆಂದರೆ ಇಲ್ಲಿ ಮತದಾರನಾಗಿ ಹೆಸರು ಬರೆಸುವಾಗಲೇ ಅರ್ಜಿಯಲ್ಲಿ ನಿಮ್ಮ ಪಕ್ಷ ಯಾವುದೆಂದು ಕೇಳುತ್ತಾರೆ. ಪುರೋಹಿತರು ಸಂಕಲ್ಪ ಮಾಡಿಸುವಾಗ ಗೋತ್ರ ಕೇಳುವ ಹಾಗೆಯೇ. ನಾನು ಮೂರು ದಿನ ಯೋಚಿಸಿ ಒಂದು ಪಕ್ಷದ ಎದುರು ಗುರುತು ಹಾಕಿದ್ದೆ. ನನ್ನ ಕಾರ್‌ಪೂಲ್ ಸ್ನೇಹಿತ ಇಮ್ತಿಯಾಜ್ ಭಾಯ್ ಮೂರು ಸೆಕೆಂಡಿನಲ್ಲಿ ಅದೇ ಪಕ್ಷಕ್ಕೆ ಹಾಕಿದ್ದರಂತೆ. ಒಂದೇ ಪಕ್ಷವಾದ್ದರಿಂದ ನಮ್ಮಿಬ್ಬರಿಗೂ ಜಗಳ ಬರುವ ಸಂಭವವಿಲ್ಲ ಅಂತ ನಾನು ತಿಳಿದಿದ್ದೆ. ನನ್ನ ರಾಜಕೀಯ ಜ್ಞಾನ ಇಷ್ಟೇ.

ಇಮ್ತಿಯಾಜ್ ಭಾಯ್ ಮೈಸೂರಿನವರು. ನಾವಿಬ್ಬರೂ ಇರುವುದು ಸ್ಯಾನ್ ಡಿಯೇಗೋದ ಪಕ್ಕದ ಪೊವೇಯಲ್ಲಿ. ಇಬ್ಬರ ಆಫೀಸೂ ಕರ್ನಿ ಮೆಸಾದಲ್ಲಿ, ಒಂದೇ ಬೀದಿಯ ಎರಡು ತುದಿಗಳಲ್ಲಿ. ಕಾರಿನಲ್ಲಿ ಇಬ್ಬರು ಕೂತರೆ ಫ್ರೀವೇಯ ಕಾರ್‌ಪೂಲ್ ಲೇನಿನಲ್ಲಿ ಪುಕ್ಕಟೆಯಾಗಿ, ಸರಾಗವಾಗಿ ಹೋಗಬಹುದು. ಒಬ್ಬರೇ ಆದರೆ ಪಕ್ಕದ ಲೇನುಗಳಲ್ಲಿ ಬ್ರೇಕ್ ಒತ್ತುತ್ತಾ ಕೂರಬೇಕು. ಆ ಲೇನಿನ ಆಸೆಗೆ ಶುರುವಾದ ಸ್ನೇಹ ನಮ್ಮದು. ಏಳು ವರ್ಷ ದಿನಾ ಹೋಗುತ್ತಾ ಅರ್ಧ ಗಂಟೆ, ಬರುತ್ತಾ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದ್ದೇವೆ. ಮನೆಯಲ್ಲಿ ನನ್ನ ಮಗಳು ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಶೈಲಾ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ, ಆದರೆ ಅವಳೊಂದಿಗೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಹೀಗಾಗಿ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹರಟಲು ಈ ಊರಿನಲ್ಲಿ ನನಗಿದ್ದವರು ಅವರೊಬ್ಬರೇ. ಒಂದು ವಾರ ನನ್ನದು, ಒಂದು ವಾರ ಅವರದು ಎಂಬ ಸರದಿ ಇದ್ದರೂ ಬಾಯಲ್ಲಿ ನಾವು ಯಾವತ್ತೂ ನನ್ನ ಕಾರು, ನಿಮ್ಮ ಕಾರು ಅಂದವರಲ್ಲ. ಈ ವಾರ ಬಿಳಿ ಕಾರು, ಮುಂದಿನ ವಾರ ನೀಲಿ ಕಾರು, ಅಷ್ಟೇ.

ಆ ವರ್ಷ ನಮ್ಮ ಪಕ್ಷದ ಕಣದಲ್ಲಿ ಬಹಳ ಜನರಿದ್ದರೂ ಕೊನೆಗೆ ಹಣಾಹಣಿ ಉಳಿದದ್ದು ಎಪ್ಪತ್ತೈದು ದಾಟಿದ ಇಬ್ಬರು ಹಿರಿಯರ ನಡುವೆ. ಎಲ್ಲರಿಗೂ ಸರ್ಕಾರವೇ ಆಸ್ಪತ್ರೆ ಖರ್ಚು ಕೊಡಬೇಕು ಎನ್ನುತ್ತಿದ್ದ ಕೂಗುವ ಅಜ್ಜ ಒಬ್ಬರು. ಎಲ್ಲವನ್ನೂ ನಿಧಾನವಾಗಿ ಮಾಡೋಣ ಎನ್ನುತ್ತಿದ್ದ ಮೆಲ್ಲಗಿನ ಅಜ್ಜ ಇನ್ನೊಬ್ಬರು. ಇಮ್ತಿಯಾಜ್ ಭಾಯ್ ಕೂಗುವ ಅಜ್ಜನ ಭಕ್ತರು. ನಾನು ಬುದ್ಧಿವಂತ ನೋಡಿ, ಇಬ್ಬರನ್ನೂ ಬಿಟ್ಟು ಕಿರಿಯ ವಯಸ್ಸಿನ ಮೂರನೆಯವರೊಬ್ಬರಿಗೆ ಹಾಕಿದ್ದೆ.

ಚುನಾವಣೆಗೆ ಎರಡು ದಿನವಿರುವಾಗ, ಭಾನುವಾರ, ಕೂಗುವ ಅಜ್ಜನ ಸಭೆ ಲಾಸ್ ಏಂಜಲೀಸ್‌ನಲ್ಲಿತ್ತು. "ಮೂರ್ತಿಯವ್ರೇ, ನನ್ ಜೊತೆ ಸಭೆಗೆ ಬನ್ನಿ. ಆಮೇಲೆ ನಿಮ್ಮನ್ನ ಕ್ಯಾಲಬಾಸಸ್ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀನಿ" ಎಂದರು ಇಮ್ತಿಯಾಜ್ ಭಾಯ್. ಇಬ್ಬರಿಗೂ ಕಾರ್‌ಪೂಲ್ ಲೇನ್ ಸಿಗುತ್ತದೆ, ಇಬ್ಬರ ದೇವರ ದರ್ಶನವೂ ಆಗುತ್ತದೆ ಎಂದು ಒಪ್ಪಿದೆ. ಸಭೆಯ ತುಂಬ ನನ್ನ ಮಗಳ ವಯಸ್ಸಿನವರು. ಅವರ ಗಲಾಟೆಯಲ್ಲಿ ನಾನೂ ಎರಡು ಸಲ ಚಪ್ಪಾಳೆ ತಟ್ಟಿದೆ. ಮೂರನೆಯ ಸಲ ಎದ್ದೇ ನಿಂತೆ. ಕಾಲು ಜೋಮು ಹಿಡಿದಿತ್ತು ಎಂದು ಆಮೇಲೆ ಸಮಜಾಯಿಷಿ ಕೊಟ್ಟೆ.

ಕ್ಯಾಲಬಾಸಸ್‌ನಲ್ಲಿ ನಾನು ದರ್ಶನ ಮುಗಿಸಿ ಕುಂಕುಮ ಹಚ್ಚಿಕೊಂಡು ಹೊರಗೆ ಬಂದೆ. ಇಮ್ತಿಯಾಜ್ ಭಾಯ್ ಒಂದು ಕೈಯಲ್ಲಿ ಪುಳಿಯೋಗರೆ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು. ಮುಖ ಸಪ್ಪಗಿತ್ತು.

"ಮೂರ್ತಿಯವ್ರೇ, ಮೊದಲು ಕೂತ್ಕೊಳ್ಳಿ" ಎಂದರು. ಕೂತೆ. "ನಿಮ್ಮವರು ಹಿಂದೆ ಸರಿದುಬಿಟ್ರಂತೆ. ಈಗ್ತಾನೇ ನ್ಯೂಸ್ ಬಂತು."

ಮೂರು ವಾರದ ಹಿಂದೆ ಅಷ್ಟು ಶ್ರದ್ಧೆಯಿಂದ ಹಾಕಿದ ನನ್ನ ವೋಟು, ಎಣಿಕೆಗೆ ಮೊದಲೇ ನಿರಾಶ್ರಿತವಾಗಿತ್ತು. ಇಮ್ತಿಯಾಜ್ ಭಾಯ್ ತಮ್ಮ ತಟ್ಟೆಯನ್ನು ನನ್ನ ಕಡೆ ಚಾಚಿದರು. ಸಾವಿನ ಮನೆಯಲ್ಲೂ ಅಷ್ಟು ಗಂಭೀರವಾಗಿ ನನಗೆ ಯಾರೂ ಸಮಾಧಾನ ಹೇಳಿಲ್ಲ. ವಾಪಸ್ ದಾರಿಯಲ್ಲಿ ಅರ್ವೈನ್ ಊರು ಬರುವ ತನಕ ಹೇಗೋ ನಗು ತಡೆದುಕೊಂಡರು. ಅಲ್ಲಿಂದ ಸ್ಯಾನ್ ಕ್ಲೆಮೆಂಟೆ ತನಕ ಸ್ಟೀರಿಂಗಿನ ಮೇಲೆ ಬಗ್ಗಿ ಬಗ್ಗಿ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಏನಿತ್ತು?

ಕ್ಯಾಲಿಫೋರ್ನಿಯಾದಲ್ಲಿ ಅವರ ಅಜ್ಜ ಗೆದ್ದರು. ಆದರೆ ದೇಶದ ಮಿಕ್ಕ ಕಡೆ ಮೆಲ್ಲಗಿನ ಅಜ್ಜ ಗೆಲ್ಲುತ್ತಾ ಹೋದರು. ಮುಂದಿನ ವಾರದ ಹೊತ್ತಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ವೋಟು ಕಳೆದುಕೊಂಡವನಿಗೆ ಉಪದೇಶ ಮಾಡುವ ಚಪಲ ಬರುತ್ತದೆ ಎಂದು ಕಾಣುತ್ತದೆ. ಒಂದು ಬೆಳಿಗ್ಗೆ ಬಿಳಿ ಕಾರಿನಲ್ಲಿ, ನಾನೇ ಡ್ರೈವ್ ಮಾಡುತ್ತಾ, ಶುರು ಮಾಡಿದೆ.

"ಸಾಕು ಇಮ್ತಿಯಾಜ್ ಭಾಯ್, ನಿಮ್ಮವರು ಇನ್ನು ಹಿಂದೆ ಸರೀಬೇಕು. ಪಕ್ಷ ಅಂದ್ಮೇಲೆ ನಿಷ್ಠೆ ಅಂತ ಒಂದಿರುತ್ತೆ. ನಾವೆಲ್ಲ ಒಂದಾಗ್ಬೇಕು."

"ನಿಮ್ಮವರು ಎಲೆಕ್ಷನ್‌ಗೆ ಮುಂಚೇನೇ ಮನೆಗೆ ಹೋದ್ರು. ನೀವು ನಂಗೆ ನಿಷ್ಠೆ ಹೇಳ್ಕೊಡ್ತೀರಾ?" ಅವರು ಇನ್ನೂ ನಗುತ್ತಲೇ ಇದ್ದರು.

"ತಮಾಷೆ ಬೇಡ. ನವೆಂಬರ್‌ನಲ್ಲಿ ಏನ್ಮಾಡ್ತೀರಿ?"

"ಅಧ್ಯಕ್ಷರ ಕಾಲಂ ಖಾಲಿ ಬಿಡ್ತೀನಿ. ಮಿಕ್ಕಿದ್ದಕ್ಕೆಲ್ಲ ಹಾಕ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಖಾಲಿ ಬಿಟ್ಟರೆ ಯಾರಿಗೆ ಲಾಭ, ದೇಶದ ಗತಿ ಏನು, ನಮ್ಮಂಥ ವಲಸೆ ಬಂದವರ ಗತಿ ಏನು ಎಂದು ಎರಡು ಎಕ್ಸಿಟ್ ದಾಟುವ ತನಕ ಭಾಷಣ ಬಿಗಿದೆ. ಅವರ ನಗು ನಿಂತಿತು. "ನಿಮಗೆ ಇದು ಮ್ಯಾಚ್ ಇದ್ದಂಗೆ ಮೂರ್ತಿಯವ್ರೇ. ಒಂದು ಟೀಮ್ ಹೋದ್ರೆ ಇನ್ನೊಂದು. ನಂಗೆ ಹಂಗಲ್ಲ" ಎಂದರು. ಅದಕ್ಕೆ ನಾನು, "ನನ್ನ ಕಾರಲ್ಲಿ ಕೂತ್ಕೊಂಡು ಇಂಥ ಮಾತಾಡ್ಬೇಡಿ" ಎಂದುಬಿಟ್ಟೆ.

ಏಳು ವರ್ಷದಲ್ಲಿ ಮೊದಲ ಸಲ ಅದು ನನ್ನ ಕಾರಾಯಿತು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಸಂಜೆ ಮೆಸೇಜ್ ಬಂತು: ಸ್ವಲ್ಪ ತಡವಾಗುತ್ತೆ, ನೀವು ಹೊರಡಿ. ಮರುದಿನ ಬೆಳಿಗ್ಗೆ ನಾನು ಒಬ್ಬನೇ ಬ್ರೇಕ್ ಒತ್ತುತ್ತಾ ಕೂತಿದ್ದಾಗ ಪಕ್ಕದ ಲೇನಿನಲ್ಲಿ ನೀಲಿ ಕಾರು ಕಂಡಿತು. ಅವರೂ ಒಬ್ಬರೇ ಬ್ರೇಕ್ ಒತ್ತುತ್ತಿದ್ದರು. ಎಡಗಡೆ ಕಾರ್‌ಪೂಲ್ ಲೇನ್ ಖಾಲಿ ಬಿದ್ದಿತ್ತು. ಇಬ್ಬರು ಐವತ್ತು ದಾಟಿದ ಇಂಜಿನಿಯರುಗಳು ಶಾಲೆಯ ಮಕ್ಕಳ ಹಾಗೆ ಟೂ ಬಿಟ್ಟುಕೊಂಡು ಅಕ್ಕಪಕ್ಕದಲ್ಲೇ ತೆವಳುವುದನ್ನು ಮೇಲಿನವನು ನೋಡಿದ್ದರೆ ಏನೆಂದುಕೊಂಡನೋ.

ನಾಳೆ ಸರಿ ಮಾಡೋಣ, ನಾಡಿದ್ದು ಮಾಡೋಣ ಅಂದುಕೊಳ್ಳುವಷ್ಟರಲ್ಲಿ ಕೊರೋನಾ ಬಂತು. ಆಫೀಸುಗಳು ಮುಚ್ಚಿದವು. ಇಡೀ ಲೋಕವೇ ದೂರ ನಿಂತಾಗ ನಮ್ಮ ದೂರ ಯಾರಿಗೂ ಕಾಣಲಿಲ್ಲ. ರಂಜಾನ್ ಹಬ್ಬಕ್ಕೆ ಪ್ರತಿ ವರ್ಷದಂತೆ ಶೀರ್ ಖುರ್ಮಾ ಪಾಯಸದ ಡಬ್ಬಿ ಬಂತು. ಆದರೆ ಬೆಲ್ ಒತ್ತಿ, ಹೊಸ್ತಿಲಲ್ಲಿಟ್ಟು, ನಾನು ಬಾಗಿಲು ತೆಗೆಯುವ ಹೊತ್ತಿಗೆ ನೀಲಿ ಕಾರು ತಿರುವು ದಾಟಿತ್ತು. ಅದು ರೋಗದ ಭಯವೋ ಮುನಿಸೋ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ದೀರ್ಘವಾಗಿ ಒಂದು ಥ್ಯಾಂಕ್ಸ್ ಮೆಸೇಜ್ ಬರೆದು ಅಳಿಸಿದೆ. ಕೊನೆಗೆ ಕೈಮುಗಿಯುವ ಚಿತ್ರವೊಂದನ್ನು ಕಳಿಸಿದೆ. ಅವರೂ ಅದನ್ನೇ ವಾಪಸ್ ಕಳಿಸಿದರು. ಏಳು ವರ್ಷ ಹರಟಿದವರ ಮಧ್ಯೆ ಉಳಿದದ್ದು ಎರಡು ಜೊತೆ ಹಳದಿ ಕೈಗಳು.

ಆ ಬೇಸಿಗೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕೂತು ಕೂತು ನನಗೆ ಒಂದು ವಿಷಯ ನೆನಪಾಯಿತು. ಬಹಳ ಹಿಂದೆ ಇಮ್ತಿಯಾಜ್ ಭಾಯ್‌ಗೆ ಕೆಲಸ ಹೋಗಿತ್ತು. ಕೆಲಸದ ಜೊತೆ ಇನ್ಶೂರೆನ್ಸೂ ಹೋಗಿ, ಅವರ ಹೆಂಡತಿಯ ಆಪರೇಷನ್ ಐದು ತಿಂಗಳು ಮುಂದಕ್ಕೆ ಬಿದ್ದಿತ್ತು. ಆ ಐದು ತಿಂಗಳು ಆಕೆ ನೋವು ತಿಂದುಕೊಂಡೇ ಅಡುಗೆ ಮಾಡುತ್ತಿದ್ದರು ಎಂದು ನನಗೆ ಹೇಳಿದವರು ಅವರೇ, ಅದೇ ಬಿಳಿ ಕಾರಿನಲ್ಲಿ. ಆಗ ನಾನು ಲೊಚಗುಟ್ಟಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ. ಆಸ್ಪತ್ರೆಯ ಮಾತು ಎತ್ತಿದ ಒಬ್ಬ ಅಜ್ಜ ಅವರಿಗೆ ಯಾಕೆ ದೇವರಾದರು ಎಂದು ತಿಳಿಯಲು ರಾಜ್ಯಶಾಸ್ತ್ರ ಓದಬೇಕಿರಲಿಲ್ಲ, ಸ್ವಲ್ಪ ಜ್ಞಾಪಕಶಕ್ತಿ ಸಾಕಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಕ್ಟೋಬರಿನಲ್ಲಿ ನವೆಂಬರಿನ ಮತಪತ್ರ ಮನೆಗೆ ಬಂತು. ನಮ್ಮ ಪಕ್ಷದಿಂದ ಅದರಲ್ಲಿದ್ದದ್ದು ಮೆಲ್ಲಗಿನ ಅಜ್ಜನ ಹೆಸರು. ಈ ಸಲ ನಾನು ಅದನ್ನು ಫ್ರಿಜ್ಜಿನ ಮೇಲಿಟ್ಟು ದಿನಾ ನೋಡುತ್ತಿದ್ದೆ.

"ಇರೋದೇ ಇಬ್ಬರು. ಇನ್ಯಾರು ಓಡಿಹೋಗ್ತಾರೆ ಅಂತ ಕಾಯ್ತಿದೀರಿ? ಹಾಕಿ ಬನ್ನಿ" ಎಂದಳು ಶೈಲಾ.

"ಪೋಸ್ಟ್ ಬೇಡ. ಲೈಬ್ರರಿ ಹತ್ರ ಪೆಟ್ಟಿಗೆ ಇಟ್ಟಿದಾರಂತೆ, ಅಲ್ಲೇ ಹೋಗಿ ಹಾಕ್ತೀನಿ."

"ಒಬ್ಬರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದೆ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿದ್ದೆ, ಆದರೆ ಬಾಯಿಂದ ಬಂದದ್ದು ಇಷ್ಟೇ: "ಇಮ್ತಿಯಾಜ್ ಭಾಯ್, ಅವತ್ತು ನನ್ನ ಕಾರು ಅಂದಿದ್ದು ತಪ್ಪಾಯ್ತು."

"ಲೈಬ್ರರಿಗೆ ತಾನೇ? ಬಿಳೀದೋ, ನೀಲೀದೋ?" ಎಂದರು.

ಲೈಬ್ರರಿಯ ವಿಷಯ ನಾನೇನೂ ಹೇಳಿರಲಿಲ್ಲ. ಶೈಲಾ ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದಾಳೆ ಎಂದು ಆಗ ಹೊಳೆಯಿತು.

ಇಬ್ಬರೂ ಮಾಸ್ಕ್ ಹಾಕಿಕೊಂಡು, ನಾಲ್ಕೂ ಕಿಟಕಿ ಇಳಿಸಿಕೊಂಡು, ಅವರು ಹಿಂದಿನ ಸೀಟಿನ ಮೂಲೆಯಲ್ಲಿ ಮಂತ್ರಿಗಳ ಹಾಗೆ ಕೂತು ಹೊರಟೆವು. ಅವರ ಹೆಂಡತಿಯ ಆರೋಗ್ಯ ಕೇಳಿದೆ, ಅವರು ನನ್ನ ಮಗಳ ಆನ್‌ಲೈನ್ ಕ್ಲಾಸು ಕೇಳಿದರು. ಇಬ್ಬರೂ ಬೀಗರ ಥರ ಅತಿ ಮರ್ಯಾದೆಯಿಂದ ಮಾತಾಡಿದೆವು. ಅವರ ತೊಡೆಯ ಮೇಲೆ ಲಕೋಟೆ ಇತ್ತು. ಆ ಕಾಲಂ ತುಂಬಿದ್ದಾರೋ ಇಲ್ಲವೋ ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದೆ.

ಲೈಬ್ರರಿಯ ಮುಂದೆ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಪೆಟ್ಟಿಗೆ ಕಾಯುತ್ತಿದ್ದರು. ನಾನು ಹಾಕಿದೆ. ಇಮ್ತಿಯಾಜ್ ಭಾಯ್ ಕೂಡ ಹಾಕಿದರು. ಕಾರಿನ ಕಡೆ ನಾಲ್ಕು ಹೆಜ್ಜೆ ನಡೆದ ಮೇಲೆ ಅವರು ನಿಂತರು.

"ಕೇಳೋದಿಲ್ವಾ?"

"ಇಲ್ಲಪ್ಪ. ನಿಮ್ಮ ವೋಟು, ನಿಮ್ಮಿಷ್ಟ."

"ಕೇಳ್ರೀ ಮೂರ್ತಿಯವ್ರೇ. ಏಳು ತಿಂಗಳಾಯ್ತು, ನನ್ ಜೊತೆ ಯಾರೂ ಸರಿಯಾಗಿ ಜಗಳ ಆಡಿಲ್ಲ."

ಕೇಳಿದೆ.

"ಖಾಲಿ ಬಿಟ್ಟಿದೀನಿ" ಎಂದರು.

ಬಿದ್ದ ವೋಟು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ, ನಾನಿನ್ನು ಏನೇ ಹೇಳಿದರೂ ಮೂರು ಕಾಸಿನ ಉಪಯೋಗವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಶುರು ಮಾಡಿದೆ. ಅವರು ಬಿಡುತ್ತಾರೆಯೇ? ಆರಡಿ ಅಂತರ ಕಾಯ್ದುಕೊಂಡೇ, ಮಾಸ್ಕಿನೊಳಗಿಂದ, ಕೈ ಆಡಿಸುತ್ತಾ, ಅಚ್ಚ ಕನ್ನಡದಲ್ಲಿ ಕೂಗಾಡಿದೆವು. ನಾನು ದೇಶ ಅಂದೆ, ಅವರು ಆಸ್ಪತ್ರೆ ಅಂದರು. ನಾನು ಅವರ ಹೆಂಡತಿಯ ಆ ಐದು ತಿಂಗಳ ಮಾತೆತ್ತಿ, ಅದನ್ನು ಮರೆತದ್ದು ನನ್ನ ದಡ್ಡತನ, ಆದರೂ ನೀವು ಮಾಡಿದ್ದು ತಪ್ಪು ಎಂದೆ. "ನೆನಪಿದೆಯಾ ನಿಮ್ಗೆ?" ಎಂದು ಕೇಳಿದರು. ಕಣ್ಣು ಒದ್ದೆಯಾದದ್ದು ಮಾಸ್ಕಿನ ಮೇಲಿಂದಲೂ ಕಂಡಿತು. ಆಮೇಲೆ ಮತ್ತೆ ಎರಡು ಪಟ್ಟು ಜೋರಾಗಿ ಬೈದರು. ಮೇಜಿನ ಹೆಂಗಸು ಗಾಬರಿಯಿಂದ ಎದ್ದು ನಿಂತು, "ಈಸ್ ಎವೆರಿಥಿಂಗ್ ಓಕೇ?" ಎಂದು ಕೇಳಿದರು. "ಓಕೇ, ಓಕೇ!" ಎಂದೆವು ಇಬ್ಬರೂ ಒಟ್ಟಿಗೆ. ಆ ವರ್ಷ ನಮ್ಮ ಪಕ್ಷದಲ್ಲಿ ಒಮ್ಮತ ಮೂಡಿದ್ದು ಆ ಒಂದು ಮಾತಿಗೆ ಮಾತ್ರ.

ಏಳು ನಿಮಿಷದ ದಾರಿಗೆ ಹೋದವನು ಎರಡು ಗಂಟೆ ಬಿಟ್ಟು ಮನೆಗೆ ಬಂದೆ. ಗಂಟಲು ಕಟ್ಟಿಹೋಗಿತ್ತು. ಶೈಲಾ ಬಿಸಿನೀರು ಕೊಡುತ್ತಾ ನನ್ನ ಮುಖವನ್ನೇ ನೋಡಿದಳು.

"ಏನ್ರೀ, ಮತ್ತೆ ಜಗಳವಾ?"

"ಹೂಂ ಕಣೇ" ಎಂದೆ. ಆ ವರ್ಷವೆಲ್ಲ ಅಷ್ಟು ಸಂತೋಷದಿಂದ ನಾನು ಯಾವ ಮಾತಿಗೂ ಹೂಂ ಅಂದಿರಲಿಲ್ಲ.